ನಿಂತುಹೋದ ಸೀರಿಯಲ್ ವಾಪಸ್ ಬರಬೇಕಾ? ಅಭಿಮಾನಿಗಳಿಗೆ ಹಂತ ಹಂತದ ಮಾರ್ಗದರ್ಶಿ

2007ರ ಮೇ ತಿಂಗಳು. ಅಮೆರಿಕದ ಸಿಬಿಎಸ್ ಟಿವಿ ಕಚೇರಿಗೆ ಕಡಲೆಕಾಯಿ ಬಂದು ಬೀಳತೊಡಗಿತು. ಕೊನೆಗೆ ಲೆಕ್ಕ ಹಾಕಿದಾಗ ಸುಮಾರು 18 ಟನ್. ನಿಮಗೆ ಬಸವನಗುಡಿಯ ಪರಿಷೆ ನೆನಪಾದರೆ ತಪ್ಪೇನಿಲ್ಲ. ಕಳಿಸಿದವರು 'ಜೆರಿಕೋ' ಎಂಬ ಸೀರಿಯಲ್‌ನ ಅಭಿಮಾನಿಗಳು. ಒಂದೇ ಸೀಸನ್ ಮುಗಿಸಿ ಚಾನೆಲ್‌ನವರು ಅದಕ್ಕೆ ಬಾಗಿಲು ಹಾಕಿದ್ದರು. ಜೂನ್ 6ರಂದು ಚಾನೆಲ್‌ನ ಮನರಂಜನಾ ವಿಭಾಗದ ಅಧ್ಯಕ್ಷೆ ನೀನಾ ಟ್ಯಾಸ್ಲರ್ ನೇರವಾಗಿ ಅಭಿಮಾನಿಗಳಿಗೇ ಬರೆದರು. ಇನ್ನೂ 7 ಎಪಿಸೋಡ್ ಮಾಡುತ್ತೇವೆ ಅಂದರು. ನಿಲ್ಲಿಸಿದ್ದೇವೆ ಅಂತ ಹೇಳಿ ಒಂದು ತಿಂಗಳೂ ಆಗಿರಲಿಲ್ಲ.

ಈ ಕಥೆ ಕೇಳಿದವರೆಲ್ಲ ಕಡಲೆಕಾಯಿಯನ್ನೇ ನೆನಪಿಟ್ಟುಕೊಳ್ಳುತ್ತಾರೆ. ಅದರ ಹಿಂದೆ ನಡೆದ ಕೆಲಸವನ್ನು ಯಾರೂ ಕೇಳುವುದಿಲ್ಲ. ಬೇಡ ಅಂದವರು ಯಾರು, ಯಾವ ಲೆಕ್ಕ ನೋಡಿ ಬೇಡ ಅಂದರು, ಆ ಲೆಕ್ಕ ಬದಲಾಗಬೇಕಾದರೆ ಅವರ ಕೈಗೆ ಏನು ಕೊಡಬೇಕು. ಈ ಮೂರು ಗೊತ್ತಿಲ್ಲದೆ ಕಡಲೆಕಾಯಿ ಕಳಿಸಿದರೆ ಅಲ್ಲಿನ ಸೆಕ್ಯುರಿಟಿಯವರು ತಿಂದು ಮುಗಿಸುತ್ತಾರೆ, ಅಷ್ಟೇ.

ಇದನ್ನು ಸೋತು ಕಲಿತವನು ನಾನು. ಶಿವಮೊಗ್ಗದ ನಮ್ಮತ್ತೆ ದಿನಾ ಏಳೂವರೆಗೆ ನೋಡುತ್ತಿದ್ದ ಧಾರಾವಾಹಿ ಒಂದು ಶುಕ್ರವಾರ ಇದ್ದಕ್ಕಿದ್ದಂತೆ ನಿಂತಿತು. ನಾಯಕಿ ಆಸ್ಪತ್ರೆಯ ಬಾಗಿಲಲ್ಲಿ ಕೈಮುಗಿದು ನಿಂತಿದ್ದಳು. ಒಳಗೆ ಗಂಡ ಬದುಕಿದನೋ ಇಲ್ಲವೋ ಗೊತ್ತಿಲ್ಲ. ಸೋಮವಾರ ಅದೇ ಟೈಮಿಗೆ ಬೇರೆ ಮನೆ, ಬೇರೆ ಮದುವೆ. ರಿಮೋಟ್ ಹಾಳಾಗಿದೆ ಅಂದುಕೊಂಡು ಅತ್ತೆ ಸೆಲ್ ಬದಲಾಯಿಸಿದರು. ಆಮೇಲೆ ನನಗೆ ಫೋನ್ ಮಾಡಿದರು. 'ನೀನು ಕಂಪ್ಯೂಟರಿನಲ್ಲಿ ಏನೇನೋ ಮಾಡ್ತೀಯಲ್ಲ, ಇದನ್ನೊಂದು ಮಾಡು' ಅಂದರು. ನಾವು ಮಾಡಿದ ತಪ್ಪುಗಳು ಕೆಳಗೆ ಅಲ್ಲಲ್ಲಿ ಬರುತ್ತವೆ.

ಹಂತ 1: ನಿಂತಿದೆಯೋ, ನಿಲ್ಲುವುದರಲ್ಲಿದೆಯೋ?

ನಮ್ಮ ದಿನದ ಧಾರಾವಾಹಿಗಳಿಗೆ 'ರದ್ದು' ಅಂತ ಯಾರೂ ಬೋರ್ಡ್ ಹಾಕುವುದಿಲ್ಲ. ಸೂಚನೆಗಳನ್ನು ನೀವೇ ಓದಿಕೊಳ್ಳಬೇಕು. ಸಂಜೆ ಏಳರ ಸ್ಲಾಟ್‌ನಿಂದ ರಾತ್ರಿ ಹತ್ತೂವರೆಗೋ ಮಧ್ಯಾಹ್ನಕ್ಕೋ ತಳ್ಳುತ್ತಾರೆ. ಪ್ರೋಮೋ ಕಡಿಮೆಯಾಗುತ್ತದೆ. ಕಥೆ ಒಮ್ಮೆಲೇ ಐದು ವರ್ಷ ಮುಂದಕ್ಕೆ ಹಾರುತ್ತದೆ. ಇನ್ನೂರು ಎಪಿಸೋಡ್ ಹಠ ಹಿಡಿದಿದ್ದ ವಿಲನ್ ಅತ್ತೆಗೆ ಒಂದೇ ಎಪಿಸೋಡಿನಲ್ಲಿ ಪಶ್ಚಾತ್ತಾಪವಾಗುತ್ತದೆ. ಇಷ್ಟಾದರೆ ಅರ್ಥ ಮಾಡಿಕೊಳ್ಳಿ, ಕೆಲಸ ಶುರು ಮಾಡುವ ಟೈಮ್ ಬಂದಿದೆ.

ನಿಂತ ಮೇಲೆ ಎಬ್ಬಿಸುವುದಕ್ಕಿಂತ ನಿಲ್ಲುವ ಮೊದಲು ಹಿಡಿದುಕೊಳ್ಳುವುದು ಸುಲಭ. ಇಂಥ ಹೋರಾಟಗಳಿಗೆಲ್ಲ ಅಜ್ಜಿ ಅನ್ನಬಹುದಾದ 'ಸ್ಟಾರ್ ಟ್ರೆಕ್' ಚಳವಳಿ ಶುರುವಾಗಿದ್ದು ಹಾಗೆಯೇ. ಎರಡನೇ ಸೀಸನ್ ಇನ್ನೂ ಟಿವಿಯಲ್ಲಿ ಬರುತ್ತಿತ್ತು. ನಿಲ್ಲಿಸುತ್ತಾರಂತೆ ಅನ್ನುವ ಗಾಳಿಮಾತು ಹಬ್ಬಿತು. ಆಗಲೇ, 1967ರ ಕೊನೆಯಲ್ಲಿ, ಬೀಜೋ ಟ್ರಿಂಬಲ್ ಮತ್ತು ಅವರ ಗಂಡ ಜಾನ್ ಪತ್ರ ಬರೆಸಲು ಕೂತರು. 1968ರ ಮಾರ್ಚ್ 1ರಂದು ಎಪಿಸೋಡ್ ಮುಗಿದ ಕೂಡಲೇ ಎನ್‌ಬಿಸಿ ಚಾನೆಲ್ ಟಿವಿಯಲ್ಲೇ ಹೇಳಿತು, ಸೀರಿಯಲ್ ಮುಂದುವರಿಯುತ್ತದೆ ಅಂತ.

ಈಗಾಗಲೇ ನಿಂತಿದ್ದರೆ ದಿನಗಳನ್ನು ಎಣಿಸಿ. ಶೂಟಿಂಗ್ ಮನೆಯ ಬಾಡಿಗೆ ಕರಾರು ಮುಗಿಯುತ್ತದೆ, ಸೆಟ್ ಇದ್ದರೆ ಕಿತ್ತುಹಾಕುತ್ತಾರೆ, ನಟರು ಬೇರೆ ಕಡೆ ಡೇಟ್ಸ್ ಕೊಡುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೇ ತಿಂಗಳಲ್ಲಿ ನಿಲ್ಲಿಸುವ ಸುದ್ದಿ ಬರುತ್ತದೆ, ನಟರ ಕರಾರಿನ ಗಡುವು ಜೂನ್ ಕೊನೆಗೆ. ಅಷ್ಟರೊಳಗೆ ಆದರೆ ಆಯಿತು. 2018ರ ಮೇನಲ್ಲಿ ಫಾಕ್ಸ್ ಚಾನೆಲ್ ಕೈಬಿಟ್ಟ 'ಲೂಸಿಫರ್' ಅನ್ನು ನೆಟ್‌ಫ್ಲಿಕ್ಸ್ ಜೂನ್ 15ರಂದು ಎತ್ತಿಕೊಂಡಿತು. ನಮ್ಮಲ್ಲಿ ಇನ್ನೂ ಬೇಗ. ನನ್ನ ಅಂದಾಜಿನಲ್ಲಿ ಎರಡು ವಾರ ದಾಟಿದರೆ ಮುಖ್ಯ ಪಾತ್ರದ ಹುಡುಗಿ ಇನ್ನೊಂದು ಚಾನೆಲ್‌ನ ಪ್ರೋಮೋದಲ್ಲಿ ಕಾಣಿಸಿಕೊಂಡಿರುತ್ತಾಳೆ. ಅತ್ತೆಯ ಸೀರಿಯಲ್ ವಿಷಯದಲ್ಲಿ ನಾವು ಸಭೆ ಸೇರಿದ್ದೇ ಐದು ವಾರ ಆದ ಮೇಲೆ.

ಹಂತ 2: ಇದರ ಯಜಮಾನ ಯಾರು?

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ.

ಟಿವಿಯಲ್ಲಿ ತೋರಿಸುವವರು ಬೇರೆ, ಮಾಡಿಸಿದವರು ಬೇರೆ, ಹಕ್ಕು ಇಟ್ಟುಕೊಂಡವರು ಬೇರೆ ಆಗಿರಬಹುದು. 'ಬ್ರೂಕ್ಲಿನ್ ನೈನ್-ನೈನ್' ಎಂಬ ಪೊಲೀಸ್ ಠಾಣೆಯ ಹಾಸ್ಯ ಧಾರಾವಾಹಿಯನ್ನು ಫಾಕ್ಸ್ 2018ರ ಮೇ 10ರಂದು ಕೈಬಿಟ್ಟಿತು. ಸುಮಾರು 31 ಗಂಟೆಯೊಳಗೆ ಎನ್‌ಬಿಸಿ ಎತ್ತಿಕೊಂಡಿತು. ಅಭಿಮಾನಿಗಳು ಟ್ವಿಟರ್‌ನಲ್ಲಿ ಗಲಾಟೆ ಮಾಡಿದ್ದು ನಿಜ. ಆದರೆ ಆ ಸೀರಿಯಲ್ ತಯಾರಿಸುತ್ತಿದ್ದ ಸ್ಟುಡಿಯೋ ಎನ್‌ಬಿಸಿಯ ಮನೆಯದ್ದೇ. ತವರಿಗೆ ವಾಪಸ್ ಬಂದ ಮಗಳನ್ನು ಒಳಗೆ ಕರೆದುಕೊಳ್ಳಲು ಎಷ್ಟು ಹೊತ್ತು ಬೇಕು?

'ದಿ ಎಕ್ಸ್‌ಪಾನ್ಸ್' ಕಥೆ ಇನ್ನೂ ಪಾಠದಂತಿದೆ. ಸಿಫೈ ಚಾನೆಲ್ ಅದನ್ನು ಮೂರನೇ ಸೀಸನ್‌ಗೆ ನಿಲ್ಲಿಸಿತು. ಯಾಕೆಂದರೆ ಚಾನೆಲ್ ಬಳಿ ಇದ್ದದ್ದು ಅಮೆರಿಕದಲ್ಲಿ ಟಿವಿಯಲ್ಲಿ ಮೊದಲ ಬಾರಿ ತೋರಿಸುವ ಹಕ್ಕು ಮಾತ್ರ. ಆನ್‌ಲೈನ್‌ನಲ್ಲಿ ಎಷ್ಟು ಲಕ್ಷ ಜನ ನೋಡಿದರೂ ಆ ದುಡ್ಡು ಅವರಿಗೆ ಬರುವುದಿಲ್ಲ. ಅಭಿಮಾನಿಗಳು ಇದನ್ನು ಅರ್ಥ ಮಾಡಿಕೊಂಡರು. ನಿಲ್ಲಿಸಿದವರ ಕಾಲು ಹಿಡಿಯುತ್ತಾ ಕೂರಲಿಲ್ಲ. ಆನ್‌ಲೈನ್ ಪ್ರೇಕ್ಷಕರಿಂದ ಲಾಭ ಆಗುವುದು ಯಾರಿಗೆ ಅಂತ ಹುಡುಕಿ ಅಮೆಜಾನ್ ಕಡೆ ತಿರುಗಿದರು. ದುಡ್ಡು ಸೇರಿಸಿ ಬ್ಯಾನರ್ ಕಟ್ಟಿದ ವಿಮಾನವೊಂದನ್ನು ಅಮೆಜಾನ್ ಸ್ಟುಡಿಯೋ ಮೇಲೆಯೇ ಹಾರಿಸಿದರು. 2018ರ ಮೇ 25ರಂದು ಲಾಸ್ ಏಂಜಲೀಸ್‌ನ ಬಾಹ್ಯಾಕಾಶ ಸಮ್ಮೇಳನವೊಂದರಲ್ಲಿ ಅಮೆಜಾನ್ ಯಜಮಾನ ಜೆಫ್ ಬೆಜೋಸ್ ವೇದಿಕೆಯ ಮೇಲಿಂದ ಸುದ್ದಿ ಕೊಟ್ಟರು, ಸೀರಿಯಲ್ ಇನ್ನು ನಮ್ಮಲ್ಲಿ ಮುಂದುವರಿಯುತ್ತದೆ ಅಂತ. ಕೊನೆಗೆ ಅದು ಒಟ್ಟು ಆರು ಸೀಸನ್ ಓಡಿತು.

ಕನ್ನಡದಲ್ಲಿ ಹೇಗೆ? ಈಗಿನ ಖಾಸಗಿ ಚಾನೆಲ್‌ಗಳ ಧಾರಾವಾಹಿಗಳಲ್ಲಿ ಸಾಮಾನ್ಯವಾಗಿ ಚಾನೆಲ್‌ನವರೇ ದುಡ್ಡು ಹಾಕುತ್ತಾರೆ, ಹಕ್ಕೂ ಅವರದ್ದೇ. ನಿರ್ಮಾಪಕರಿಗೆ ಎಪಿಸೋಡಿಗೆ ಇಷ್ಟು ಅಂತ ಕೊಡುತ್ತಾರೆ. ಹಾಗಾಗಿ 'ಈ ಚಾನೆಲ್ ಬೇಡ, ಆ ಚಾನೆಲ್‌ಗೆ ಬನ್ನಿ' ಅಂತ ನಿರ್ದೇಶಕರನ್ನು ಪೀಡಿಸಿ ಪ್ರಯೋಜನವಿಲ್ಲ. ಪಾಪ, ಅವರ ಕೈಯಲ್ಲಿ ಪಾತ್ರಗಳ ಹೆಸರೂ ಇರುವುದಿಲ್ಲ. ಹಳೆಯ ದೂರದರ್ಶನದ ಕಾಲದ ವ್ಯವಸ್ಥೆ ಬೇರೆ ಇತ್ತು. 1998ರಲ್ಲಿ ಚಂದನದಲ್ಲಿ ಬಂದ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' 2022ರಲ್ಲಿ 'ಮತ್ತೆ ಮಾಯಾಮೃಗ' ಆಗಿ ಸಿರಿ ಕನ್ನಡದಲ್ಲಿ ಮುಂದುವರಿದಿದ್ದು ನಿಮಗೆ ನೆನಪಿರಬಹುದು.

ಈ ಹಂತದಲ್ಲಿ ಮಾಡಬೇಕಾದ್ದು ಇಷ್ಟು. ಕೊನೆಯ ಎಪಿಸೋಡಿನ ಟೈಟಲ್ ಕಾರ್ಡ್ ನಿಲ್ಲಿಸಿ ಓದಿ. ನಿರ್ಮಾಣ ಸಂಸ್ಥೆಯ ಹೆಸರು ಬರೆದುಕೊಳ್ಳಿ. ಕೆಳಗೆ ಸಣ್ಣ ಅಕ್ಷರದಲ್ಲಿ ಹಕ್ಕು ಯಾರದ್ದು ಅಂತ ಇರುತ್ತದೆ, ಅದನ್ನೂ ಬರೆದುಕೊಳ್ಳಿ. ಆ ಕಂಪನಿಗೆ ಬೇರೆ ಚಾನೆಲ್ ಇದೆಯೇ, ಸ್ವಂತ ಆಪ್ ಇದೆಯೇ ನೋಡಿ. ನಿಮ್ಮ ಬೇಡಿಕೆ ಹೋಗಬೇಕಾದ ವಿಳಾಸ ಅಲ್ಲೇ ಸಿಗುತ್ತದೆ.

ಹಂತ 3: ಯಾವ ಲೆಕ್ಕದಲ್ಲಿ ಫೇಲಾಯಿತು?

'ನಮ್ಮ ಬೀದಿಯಲ್ಲಿ ಎಲ್ಲರೂ ನೋಡುತ್ತಿದ್ದರು, ಟಿಆರ್‌ಪಿ ಹೇಗೆ ಇಲ್ಲ?' ಇದು ಅತ್ತೆಯ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಮಾತ್ರ ಸ್ವಲ್ಪ ಕಹಿ. ದೇಶದಲ್ಲಿ ಟಿವಿ ಇರುವ ಮನೆಗಳು 20 ಕೋಟಿಗೂ ಜಾಸ್ತಿ. ಯಾರು ಏನು ನೋಡುತ್ತಾರೆ ಅಂತ ಲೆಕ್ಕ ಇಡುವ ಬಾರ್ಕ್ ಸಂಸ್ಥೆಯ ಮೀಟರ್ 2025ರ ಹೊತ್ತಿಗೆ ಇದ್ದದ್ದು ಸುಮಾರು 58 ಸಾವಿರ ಮನೆಗಳಲ್ಲಿ. ಆ ಮನೆಯವರು ನೋಡಿದ್ದೇ ಎಲ್ಲರೂ ನೋಡಿದ ಲೆಕ್ಕ. ಅತ್ತೆಯ ಬೀದಿಯಲ್ಲಿ ಒಂದು ಮೀಟರೂ ಇಲ್ಲದಿದ್ದರೆ ಇಡೀ ಬೀದಿ ಸೀರಿಯಲ್ ಹುಚ್ಚು ಹಿಡಿಸಿಕೊಂಡರೂ ಅಂಕಿ ಅಲ್ಲಾಡುವುದಿಲ್ಲ.

ಇದನ್ನು ಕೇಳಿದ ಕೂಡಲೇ ಕೆಲವರಿಗೆ ಒಂದು ಐಡಿಯಾ ಬರುತ್ತದೆ: ಮೀಟರ್ ಇರುವ ಮನೆ ಹುಡುಕೋಣ. ಬೇಡ. ಆ ಮನೆಗಳ ಗುಟ್ಟು ಕಾಪಾಡುವುದೇ ಆ ವ್ಯವಸ್ಥೆಯ ಪ್ರಾಣ. ಅದಕ್ಕೆ ಕೈ ಹಾಕಿದ ಆರೋಪದ ಮೇಲೆ 2020ರಲ್ಲಿ ಮುಂಬೈನಲ್ಲಿ ಪೊಲೀಸ್ ಕೇಸೇ ಆಯಿತು.

ಹಾಗಾದರೆ ಅಭಿಮಾನಿಗಳ ಕೈಯಲ್ಲಿ ಏನಿದೆ? ಎಣಿಸದೆ ಬಿಟ್ಟ ಪ್ರೇಕ್ಷಕರನ್ನು ತೋರಿಸಿಕೊಡುವುದು. ಜೆರಿಕೋದವರ ನಿಜವಾದ ಬಲ ಇದ್ದದ್ದು ಇಲ್ಲಿ. 2006ರ ಸೆಪ್ಟೆಂಬರ್‌ನಲ್ಲಿ ಅದು ಚೆನ್ನಾಗಿಯೇ ಶುರುವಾಗಿತ್ತು. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಚಾನೆಲ್‌ನವರು ಮಧ್ಯೆ ರಜೆ ಕೊಟ್ಟರು. ವಾಪಸ್ ಬಂದಾಗ ಎದುರಿಗೆ 'ಅಮೆರಿಕನ್ ಐಡಲ್' ಎಂಬ ಆನೆ ನಿಂತಿತ್ತು. ಅಂಕಿ ಬಿತ್ತು. ಆದರೆ ಸಾಕಷ್ಟು ಜನ ರೆಕಾರ್ಡ್ ಮಾಡಿಕೊಂಡು, ಆನ್‌ಲೈನ್‌ನಲ್ಲಿ ನೋಡುತ್ತಿದ್ದರು. ಆಗಿನ ಲೆಕ್ಕದಲ್ಲಿ ಅವರು ಸರಿಯಾಗಿ ಕಾಣಿಸುತ್ತಿರಲಿಲ್ಲ. 'ನಾವಿದ್ದೇವೆ, ನೀವು ಎಣಿಸಿಲ್ಲ' ಅಂತ ಹೇಳಲು ಅವರಿಗೊಂದು ಕಾರಣ ಇತ್ತು.

ನೀವೂ ಹಾಗೇ ಹುಡುಕಿ. ಸ್ಲಾಟ್ ಬದಲಾಯಿಸಿದರಾ? ಐಪಿಎಲ್ ಎದುರಿಗೆ ಬಿತ್ತಾ? ದುಬೈ, ನ್ಯೂಜೆರ್ಸಿ, ಸಿಡ್ನಿಯಲ್ಲಿರುವ ಕನ್ನಡಿಗರು ಆಪ್‌ನಲ್ಲಿ ದುಡ್ಡು ಕೊಟ್ಟು ನೋಡುತ್ತಿದ್ದರಾ? ಮೀಟರ್‌ಗೆ ಅವರು ಕಾಣುವುದಿಲ್ಲ. ಚಂದಾ ಹಣದ ಲೆಕ್ಕದಲ್ಲಿ ಕಾಣುತ್ತಾರೆ. ಇನ್ನೊಂದು ಮಾತು. ಟೆಲಿಗ್ರಾಮ್‌ನಲ್ಲಿ ಕದ್ದು ಹಂಚಿದ ಎಪಿಸೋಡ್ ನೋಡಿದವರು ಯಾವ ಲೆಕ್ಕದಲ್ಲೂ ಇಲ್ಲ. ಅವರನ್ನು ಎಷ್ಟು ಬೇಗ ಅಧಿಕೃತ ಆಪ್‌ಗೆ ಕರೆತರುತ್ತೀರೋ ಅಷ್ಟು ಒಳ್ಳೆಯದು. 2021ರ ಜೂನ್‌ನಲ್ಲಿ ಎನ್‌ಬಿಸಿ ನಿಲ್ಲಿಸಿದ 'ಮ್ಯಾನಿಫೆಸ್ಟ್' ಉಳಿದಿದ್ದೇ ಹೀಗೆ. ಹಳೆಯ ಸೀಸನ್‌ಗಳು ಅಮೆರಿಕದ ನೆಟ್‌ಫ್ಲಿಕ್ಸ್‌ನಲ್ಲಿ ವಾರಗಟ್ಟಲೆ ಮೇಲಿನ ಸಾಲಿನಲ್ಲಿ ಕೂತವು. ಆಗಸ್ಟ್ 28ರಂದು ನೆಟ್‌ಫ್ಲಿಕ್ಸ್ ಕೊನೆಯ ಸೀಸನ್ ಘೋಷಿಸಿತು. ಕಥೆಯಲ್ಲಿ ಕಾಣೆಯಾಗುವ ವಿಮಾನದ ನಂಬರ್ 828. ತಿಂಗಳು ಎಂಟು, ತಾರೀಖು ಇಪ್ಪತ್ತೆಂಟು. ಮಾರ್ಕೆಟಿಂಗ್‌ನವರಿಗೂ ಒಮ್ಮೊಮ್ಮೆ ರಸಿಕತೆ ಇರುತ್ತದೆ.

ಹಂತ 4: ಬೇಡಿಕೆ ಒಂದೇ ಸಾಲಿನಲ್ಲಿರಲಿ

'ನಮ್ಮ ಸೀರಿಯಲ್ ಬೇಕು' ಎನ್ನುವುದು ಬೇಡಿಕೆ ಅಲ್ಲ, ಗೋಳು. ಕೊಡುವವರಿಗೆ ಕೊಡಲು ಆಗುವಂಥದ್ದನ್ನು ಕೇಳಿ. ಇನ್ನೊಂದು ಸೀಸನ್? ಹತ್ತು ಎಪಿಸೋಡ್? ಒಂದೂವರೆ ಗಂಟೆಯ ಒಂದು ಮಹಾಸಂಚಿಕೆ? ಆಪ್‌ನಲ್ಲಿ ಮಾತ್ರ ಒಂದು ಮುಕ್ತಾಯ?

ದೊಡ್ಡದು ಕೇಳಿ ಚಿಕ್ಕದಕ್ಕೆ ಒಪ್ಪುವುದು ನಾಚಿಕೆಯ ವಿಷಯವಲ್ಲ. ನೆಟ್‌ಫ್ಲಿಕ್ಸ್ 2017ರ ಜೂನ್‌ನಲ್ಲಿ 'ಸೆನ್ಸ್8' ನಿಲ್ಲಿಸಿತು. ಜಗತ್ತಿನ ಮೂಲೆಮೂಲೆಯಿಂದ ಕೂಗು ಎದ್ದಿತು. ಸಿಕ್ಕಿದ್ದು ಪೂರ್ತಿ ಸೀಸನ್ ಅಲ್ಲ, 2018ರ ಜೂನ್‌ನಲ್ಲಿ ಬಂದ ಒಂದು ದೀರ್ಘ ಕೊನೆಯ ಸಂಚಿಕೆ. ಕಥೆ ಅನಾಥವಾಗಲಿಲ್ಲ.

ನಮ್ಮ ದೇಶದಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆ ಇದೆ. 1988ರಲ್ಲಿ ರಮಾನಂದ ಸಾಗರ್ ಅವರ 'ರಾಮಾಯಣ' ಪಟ್ಟಾಭಿಷೇಕಕ್ಕೆ ಮುಗಿಯುವುದಿತ್ತು. ಜಲಂಧರ್‌ನ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರಕ್ಕೆ ಕೂತರು. ಅವರಲ್ಲಿ ಬಹಳಷ್ಟು ಜನ ವಾಲ್ಮೀಕಿ ಸಮುದಾಯದವರು. ವಾಲ್ಮೀಕಿ ಮಹರ್ಷಿಯೇ ಪಾತ್ರವಾಗಿ ಬರುವ ಉತ್ತರಕಾಂಡವನ್ನು ಬಿಟ್ಟು ಮುಗಿಸುವುದು ಹೇಗೆ ಅನ್ನುವುದು ಅವರ ಪ್ರಶ್ನೆ. ಮುಷ್ಕರ ಬೇರೆ ಊರುಗಳಿಗೂ ಹಬ್ಬಿತು. ಸರ್ಕಾರ ಮಣಿಯಿತು, ಉತ್ತರ ರಾಮಾಯಣ ತಯಾರಾಯಿತು. ಬೇಡಿಕೆ ಎಷ್ಟು ಸ್ಪಷ್ಟವಾಗಿತ್ತು ನೋಡಿ: ಈ ಕಾಂಡ ಬೇಕು. 'ರಾಮಾಯಣ ನಿಲ್ಲಿಸಬೇಡಿ' ಅಂತ ಅಷ್ಟೇ ಅಂದಿದ್ದರೆ ಮರುಪ್ರಸಾರ ಹಾಕಿ ಕೈತೊಳೆದುಕೊಳ್ಳಬಹುದಿತ್ತು.

ಊರೆಲ್ಲ ಕಸ ಬಿದ್ದಿತ್ತು ಎನ್ನುವುದೂ ಸರ್ಕಾರದ ಮನಸ್ಸು ಬದಲಾಗಲು ಸಹಾಯ ಮಾಡಿತು, ಬಿಡಿ. ಅಂಥ ಅಸ್ತ್ರ ನಮ್ಮ ನಿಮ್ಮ ಕೈಯಲ್ಲಿಲ್ಲ. ಅದಕ್ಕೇ ಮುಂದಿನ ಹಂತ.

ಹಂತ 5: ಕಾಗದ ಬರೆಯಿರಿ, ನಿಮ್ಮದೇ ಮಾತಿನಲ್ಲಿ

ಆನ್‌ಲೈನ್ ಪಿಟಿಷನ್‌ಗೆ ಸಹಿ ಹಾಕುವುದು ಎರಡು ಸೆಕೆಂಡಿನ ಕೆಲಸ. ಎದುರಿಗಿರುವವರಿಗೂ ಅದು ಗೊತ್ತು. ಪಿಟಿಷನ್ ಬೇಡ ಅನ್ನುತ್ತಿಲ್ಲ. ಎಕ್ಸ್‌ಪಾನ್ಸ್‌ನವರದ್ದು ಒಂದು ಲಕ್ಷ ಸಹಿ ದಾಟಿತ್ತು, ಸುದ್ದಿಯಾಗಲು ಅದು ಬೇಕು. ಆದರೆ ಮೇಜಿನ ಮೇಲೆ ತೂಕ ಇರುವುದು ಕಾಗದಕ್ಕೆ.

ಬೀಜೋ ಟ್ರಿಂಬಲ್ ಅವರ ನಿಯಮಗಳು ಐವತ್ತು ವರ್ಷ ದಾಟಿದರೂ ಹಳಸಿಲ್ಲ. ಅಚ್ಚು ಹಾಕಿದ ಒಂದೇ ಪತ್ರಕ್ಕೆ ನೂರು ಜನ ಸಹಿ ಹಾಕಬೇಡಿ, ಪ್ರತಿಯೊಬ್ಬರೂ ತಮ್ಮ ಮಾತಿನಲ್ಲಿ ಬರೆಯಿರಿ. ಮರ್ಯಾದೆಯಿಂದ ಬರೆಯಿರಿ. ಲಕೋಟೆಯ ಮೇಲೆ ಸೀರಿಯಲ್ ಹೆಸರು ಬರೆಯಬೇಡಿ, ಅಭಿಮಾನಿ ಪತ್ರ ಅಂದುಕೊಂಡು ಒಡೆಯದೆ ಸ್ಟುಡಿಯೋಗೆ ಸಾಗಹಾಕುತ್ತಾರೆ. ಹತ್ತು ಜನರಿಗೆ ಹೇಳಿ, ಆ ಹತ್ತು ಜನರೂ ಹತ್ತತ್ತು ಜನರಿಗೆ ಹೇಳಲಿ. ವಾಟ್ಸ್ಯಾಪ್ ಇಲ್ಲದ ಕಾಲದಲ್ಲಿ, ಅಂಚೆಯಲ್ಲೇ, ಎನ್‌ಬಿಸಿಗೆ ಒಂದು ಲಕ್ಷಕ್ಕೂ ಮೀರಿದ ಪತ್ರ ಬಿದ್ದವು.

ಯಾರಿಗೆ ಬರೆಯಬೇಕು? ನಾಯಕಿಗಲ್ಲ, ನಿರ್ದೇಶಕರಿಗೂ ಅಲ್ಲ. ಚಾನೆಲ್‌ನಲ್ಲಿ ಬಿಸಿನೆಸ್ ಹೆಡ್ ಅಂತ ಒಬ್ಬರು, ಧಾರಾವಾಹಿಗಳನ್ನು ನೋಡಿಕೊಳ್ಳುವ ಫಿಕ್ಷನ್ ಹೆಡ್ ಅಂತ ಒಬ್ಬರು ಇರುತ್ತಾರೆ. ಹುದ್ದೆಯ ಹೆಸರಿಗೆ ಕಳಿಸಿದರೂ ಸಾಕು.

ಏನು ಬರೆಯಬೇಕು? ನಮ್ಮ ಗುಂಪಿನಲ್ಲಿ ಮೊದಲು ಬಂದ ಪತ್ರಗಳೆಲ್ಲ ಹೀಗಿದ್ದವು: 'ಅದ್ಭುತವಾದ ಧಾರಾವಾಹಿ, ದಯವಿಟ್ಟು ನಿಲ್ಲಿಸಬೇಡಿ.' ಇದನ್ನು ಓದಿ ಯಾರೂ ಏನೂ ಮಾಡಲಾರರು. ಆಮೇಲೆ ಒಬ್ಬ ಟೀಚರ್ ಬರೆದದ್ದು ಬಂತು. ನೆನಪಿದ್ದಷ್ಟು ಕೊಡುತ್ತೇನೆ:

'ನಮಸ್ಕಾರ. ನಾನು ಹಾಸನ ಜಿಲ್ಲೆಯಲ್ಲಿ ಹೈಸ್ಕೂಲ್ ಶಿಕ್ಷಕಿ, ವಯಸ್ಸು 43. ನಿಮ್ಮ ಚಾನೆಲ್ ನಮ್ಮ ಮನೆಯ ಪ್ಯಾಕ್‌ನಲ್ಲಿರುವುದು ಈ ಒಂದು ಧಾರಾವಾಹಿಗಾಗಿ. ಏಳೂವರೆಗೆ ನಾನು, ನಮ್ಮ ಅತ್ತೆಯವರು, ಪಿಯುಸಿ ಓದುವ ಮಗಳು ಮೂವರೂ ಕೂತು ನೋಡುತ್ತೇವೆ. ಮಗಳು ಮೊಬೈಲ್ ಕೆಳಗಿಡುವ ಅರ್ಧ ಗಂಟೆ ಅದೊಂದೇ. ಆಸ್ಪತ್ರೆಯ ಬಾಗಿಲಲ್ಲಿ ಕಥೆ ನಿಲ್ಲಿಸಿದ್ದೀರಿ. ಒಳಗೆ ಏನಾಯಿತು ಅಂತ ತಿಳಿಸುವ ಒಂದು ವಾರದ ಎಪಿಸೋಡ್ ನಿಮ್ಮ ಆಪ್‌ನಲ್ಲಾದರೂ ಹಾಕಿ. ಇದು ನನ್ನ ಕೋರಿಕೆ.'

ಇದರಲ್ಲಿ ಏನೇನಿದೆ ನೋಡಿ. ಊರು, ವಯಸ್ಸು, ಕೆಲಸ. ಮೂರು ತಲೆಮಾರು ಒಟ್ಟಿಗೆ ನೋಡುತ್ತದೆ ಎಂಬ ಮಾಹಿತಿ. ಜಾಹೀರಾತು ಮಾರುವವರಿಗೆ ಅದು ಚಿನ್ನ. 2019ರಿಂದ ಬೇಕಾದ ಚಾನೆಲ್ ಆರಿಸಿಕೊಂಡು ದುಡ್ಡು ಕೊಡುವ ಪದ್ಧತಿ ಬಂದಿದೆ. ಹಾಗಾಗಿ 'ಪ್ಯಾಕ್‌ನಿಂದ ತೆಗೆಯುತ್ತೇನೆ' ಎಂಬ ಸಣ್ಣ ಹೆದರಿಕೆಯೂ ಬೈಗುಳವಿಲ್ಲದೆ ಇದರೊಳಗಿದೆ. ಕೊನೆಗೆ, ಆಗಬಹುದಾದ ಒಂದು ಬೇಡಿಕೆ. ಎಂಟೇ ಸಾಲು.

ಕೈಬರಹ ಚೆನ್ನಾಗಿಲ್ಲ ಅಂತ ಚಿಂತೆ ಬೇಡ. ಅತ್ತೆ ಪೋಸ್ಟ್ ಕಾರ್ಡ್‌ನಲ್ಲಿ ಬರೆದರು, ಜಾಗ ಸಾಲದೆ ವಿಳಾಸದ ಪಕ್ಕಕ್ಕೂ ಹೋದರು.

ಹಂತ 6: ಹ್ಯಾಷ್‌ಟ್ಯಾಗ್

ನಾವು ಮುಗ್ಗರಿಸಿದ್ದು ಇಲ್ಲಿ. ಭಾನುವಾರ ಸಂಜೆ ಏಳೂವರೆಗೆ ಎಲ್ಲರೂ ಒಟ್ಟಿಗೆ ಟ್ವೀಟ್ ಮಾಡುವುದು ಅಂತ ನಿಗದಿಯಾಗಿತ್ತು. ಹ್ಯಾಷ್‌ಟ್ಯಾಗ್‌ನಲ್ಲಿ 'ಬೇಕು' ಅನ್ನುವ ಪದ ಇತ್ತು. ಬರೆದಿದ್ದು ಇಂಗ್ಲಿಷ್ ಅಕ್ಷರದಲ್ಲಿ. ಒಬ್ಬರು 'ಬೇ'ಗೆ ಒಂದು 'ಇ' ಹಾಕಿದರು, ಇನ್ನೊಬ್ಬರು ಎರಡು. ಒಬ್ಬರು ಕೊನೆಯಲ್ಲಿ 'ಯು' ಹಾಕಿದರು, ಇನ್ನೊಬ್ಬರು ಎರಡು 'ಓ'. ಸೀರಿಯಲ್ ಹೆಸರಿನಲ್ಲಿದ್ದ 'ಳ' ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಆಯಿತು. ನಾನೂರು ಟ್ವೀಟ್ ಬಂದವು, ಏಳು ಹ್ಯಾಷ್‌ಟ್ಯಾಗ್‌ನಲ್ಲಿ ಹಂಚಿಹೋದವು. ಯಾವುದೂ ಮೇಲೆ ಬರಲಿಲ್ಲ.

ಆದ್ದರಿಂದ, ಹ್ಯಾಷ್‌ಟ್ಯಾಗ್ ಕನ್ನಡ ಲಿಪಿಯಲ್ಲೇ ಇರಲಿ. ಕಾಗುಣಿತ ಒಂದೇ ಇರುತ್ತದೆ, ಜಗಳವೇ ಇಲ್ಲ. ಟೈಪ್ ಮಾಡಬೇಡಿ ಅನ್ನಿ, ಕಾಪಿ ಮಾಡಲು ಒಂದು ಮೆಸೇಜ್ ಗುಂಪಿಗೆ ಹಾಕಿ. ಹ್ಯಾಷ್‌ಟ್ಯಾಗ್ ಮಾತ್ರ ಕಾಪಿ, ಮೇಲಿನ ಮಾತು ಅವರವರದ್ದು. ಒಂದೇ ವಾಕ್ಯ ಐನೂರು ಖಾತೆಯಿಂದ ಬಂದರೆ ಯಂತ್ರ ಮಾಡಿದ್ದು ಅಂತ ತಳ್ಳಿಬಿಡುತ್ತಾರೆ. ಸೀರಿಯಲ್ ಬರುತ್ತಿದ್ದ ಟೈಮಿಗೇ ಇಡಿ. ಅಭ್ಯಾಸಬಲದಿಂದ ಜನ ಆ ಹೊತ್ತಿಗೆ ಬಿಡುವಾಗಿರುತ್ತಾರೆ.

ಹೊಸದಾಗಿ ಆ ಸ್ಲಾಟ್‌ಗೆ ಬಂದ ಸೀರಿಯಲ್‌ನ ಕಾಮೆಂಟಿಗೆ ಹೋಗಿ ಬೈಯುವುದು ಬೇಡವೇ ಬೇಡ. ಅದರ ಲೈಟ್ ಬಾಯ್‌ಗಳಲ್ಲಿ ಅರ್ಧ ಜನ ನಿಮ್ಮ ಸೀರಿಯಲ್‌ನಲ್ಲೂ ಕೆಲಸ ಮಾಡಿದವರೇ. ನಟರನ್ನು 'ಯಾಕೆ ಬಾಯಿಬಿಡುತ್ತಿಲ್ಲ' ಅಂತ ಟ್ಯಾಗ್ ಮಾಡಿ ಹಿಂಸಿಸುವುದೂ ತಪ್ಪು. ನಾಳೆ ಅದೇ ಚಾನೆಲ್‌ನಲ್ಲಿ ಕೆಲಸ ಕೇಳಬೇಕಾದವರು ಅವರು.

ಹಂತ 7: ಕಡಲೆಕಾಯಿ

ಈಗ ಅದರ ಸರದಿ. ಯಾಕೆ ಕಡಲೆಕಾಯಿ? ಜೆರಿಕೋದ ಮೊದಲ ಸೀಸನ್‌ನ ಕೊನೆಯಲ್ಲಿ ಶರಣಾಗು ಅಂದ ಶತ್ರುವಿಗೆ ನಾಯಕ ಕೊಡುವ ಉತ್ತರ ಒಂದೇ ಪದ, 'ನಟ್ಸ್!' ಇಂಗ್ಲಿಷಿನಲ್ಲಿ ಅದಕ್ಕೆ ಹೋಗಯ್ಯ ಎನ್ನುವ ಅರ್ಥವೂ ಇದೆ. ಅದರ ಹಿಂದೆ ಇತಿಹಾಸವೂ ಇದೆ. 1944ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಬಾಸ್ಟೋನ್ ಊರನ್ನು ಮುತ್ತಿದ ಜರ್ಮನ್ ಸೇನೆಗೆ ಅಮೆರಿಕದ ಜನರಲ್ ಮೆಕಾಲಿಫ್ ಕೊಟ್ಟ ಉತ್ತರವೇ ಅದು. ಶರಣಾಗುವುದಿಲ್ಲ ಎಂಬ ಮಾತು, ಕಥೆಯ ಕೊನೆಯ ದೃಶ್ಯ, ಅಂಗಡಿಯಲ್ಲಿ ಸಿಗುವ ಅಗ್ಗದ ವಸ್ತು, ಮೂರೂ ಒಂದರಲ್ಲಿ ಸೇರಿದ್ದವು. ಪತ್ರಿಕೆಯವರಿಗೆ ಹೆಡ್‌ಲೈನ್ ಸಿಕ್ಕಿತು. ನ್ಯೂಜೆರ್ಸಿಯ ಒಂದು ಆನ್‌ಲೈನ್ ಅಂಗಡಿ ಆರ್ಡರ್‌ಗಳನ್ನೆಲ್ಲ ಒಟ್ಟು ಮಾಡಿ ಸಾಗಿಸಿತು. ಒಂದೇ ಕಡೆಯಿಂದ ಹೋದದ್ದರಿಂದ ಎಷ್ಟು ಹೋಯಿತು ಎಂಬ ಲೆಕ್ಕವೂ ಸಿಕ್ಕಿತು.

ವಸ್ತು ಆರಿಸುವಾಗ ಮೂರು ಪರೀಕ್ಷೆ. ಕಥೆಯಿಂದ ಹುಟ್ಟಿದೆಯೇ? ಕೆಡದೆ ಇರುತ್ತದೆಯೇ? ಆಮೇಲೆ ಯಾರಿಗಾದರೂ ಉಪಯೋಗವಾಗುತ್ತದೆಯೇ? 2000ದಲ್ಲಿ 'ರಾಸ್‌ವೆಲ್' ಅಭಿಮಾನಿಗಳು ಟಬಾಸ್ಕೋ ಖಾರದ ಸಾಸ್ ಬಾಟಲಿ ಕಳಿಸಿದ್ದರು, ಕಥೆಯ ಅನ್ಯಗ್ರಹದವರಿಗೆ ಅದೆಂದರೆ ಪ್ರಾಣ. ನಮ್ಮ ಗುಂಪಿನಲ್ಲಿ ಒಬ್ಬರು ಹೋಳಿಗೆ ಕಳಿಸೋಣ ಅಂದರು. ಅದು ಬೇಸಿಗೆ. ನಾವು ಆ ಸಲಹೆ ಕೇಳದೇ ಇದ್ದದ್ದೇ ಆ ಇಡೀ ಪ್ರಯತ್ನದಲ್ಲಿ ನಾವು ತೆಗೆದುಕೊಂಡ ಒಂದು ಒಳ್ಳೆಯ ತೀರ್ಮಾನ. ನನ್ನ ಅಭಿಪ್ರಾಯ ಕೇಳಿದರೆ, ಸೀರಿಯಲ್ ಹೆಸರಿನಲ್ಲಿ ಸರ್ಕಾರಿ ಶಾಲೆಗೆ ನೋಟ್‌ಬುಕ್ ಕೊಟ್ಟು, ರಸೀದಿಯ ಪ್ರತಿಯನ್ನು ಚಾನೆಲ್‌ಗೆ ಕಳಿಸಿ. ಸುದ್ದಿಯೂ ಆಗುತ್ತದೆ, ಯಾರ ಮೇಜೂ ಕೊಳೆಯಾಗುವುದಿಲ್ಲ.

ಹಂತ 8: ಜಾಹೀರಾತು ಕೊಟ್ಟವರನ್ನು ಹಿಡಿಯಿರಿ

ಚಾನೆಲ್‌ಗೆ ಪ್ರೇಕ್ಷಕರು ಗಿರಾಕಿಗಳಲ್ಲ, ಜಾಹೀರಾತು ಕಂಪನಿಗಳು ಗಿರಾಕಿಗಳು. 2009ರಲ್ಲಿ ಎನ್‌ಬಿಸಿಯ 'ಚಕ್' ಹೋಗುತ್ತದೋ ಇರುತ್ತದೋ ಎಂಬ ಸ್ಥಿತಿ. ಅದರೊಳಗೆ ಸಬ್‌ವೇ ಸ್ಯಾಂಡ್‌ವಿಚ್‌ನ ಜಾಹೀರಾತು ಬರುತ್ತಿತ್ತು. ಏಪ್ರಿಲ್ 27, ಸೀಸನ್ ಮುಗಿಯುವ ದಿನ. ಅಭಿಮಾನಿಗಳು ಸಬ್‌ವೇ ಅಂಗಡಿಗಳಿಗೆ ಹೋಗಿ ಉದ್ದದ ಸ್ಯಾಂಡ್‌ವಿಚ್ ಕೊಂಡರು. ಚಕ್‌ಗಾಗಿ ಬಂದೆವು ಅಂತ ಚೀಟಿ ಬರೆದು ಅಂಗಡಿಯ ಡಬ್ಬಿಗೆ ಹಾಕಿದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ನಾಯಕ ನಟ ಜಕಾರಿ ಲೀವೈ ತಾನೇ ಒಂದು ದಂಡು ಕಟ್ಟಿಕೊಂಡು ಅಂಗಡಿಗೆ ನುಗ್ಗಿ, ಕೌಂಟರಿನ ಹಿಂದೆ ನಿಂತರು. ಮುಂದಿನ ತಿಂಗಳು ಸಬ್‌ವೇ ಜೊತೆಗಿನ ಒಪ್ಪಂದದೊಂದಿಗೆ ಚಕ್ ಮ‌ೂರನೇ ಸೀಸನ್‌ಗೆ ಹೋಯಿತು. 2012ರವರೆಗೆ ನಡೆಯಿತು.

ನಿಮ್ಮ ಸೀರಿಯಲ್ ನಡುವೆ ಬರುತ್ತಿದ್ದ ಮಸಾಲೆ ಪುಡಿ, ಸೋಪು, ಚಿನ್ನದಂಗಡಿ ಯಾವುದು ಅಂತ ಬರೆದಿಟ್ಟುಕೊಳ್ಳಿ. ಬಹಿಷ್ಕಾರ ಬೇಡ. ಥ್ಯಾಂಕ್ಸ್ ಹೇಳಿ ಬರೆಯಿರಿ: 'ಈ ಧಾರಾವಾಹಿ ನೋಡುತ್ತಾ ನಿಮ್ಮ ಸಾಂಬಾರ್ ಪುಡಿ ಕೊಳ್ಳಲು ಶುರು ಮಾಡಿದೆ.' ಅದು ನಿಜವಾಗಿದ್ದರೆ ಮಾತ್ರ.

ಹಂತ 9: ದುಡ್ಡು ಎತ್ತುವ ಮೊದಲು ಎರಡು ಸಲ ಯೋಚಿಸಿ

2013ರ ಮಾರ್ಚ್ 13ರಂದು 'ವೆರೋನಿಕಾ ಮಾರ್ಸ್' ಎಂಬ ನಿಂತುಹೋದ ಸೀರಿಯಲ್‌ನ ತಂಡ, ಜನರಿಂದ ದುಡ್ಡು ಎತ್ತುವ ಕಿಕ್‌ಸ್ಟಾರ್ಟರ್ ವೆಬ್‌ಸೈಟಿನಲ್ಲಿ ಅದರ ಸಿನಿಮಾಗಾಗಿ 20 ಲಕ್ಷ ಡಾಲರ್ ಕೇಳಿತು. ಅರ್ಧ ದಿನದೊಳಗೆ ಬಂತು. ಕೊನೆಗೆ 91 ಸಾವಿರಕ್ಕೂ ಜಾಸ್ತಿ ಜನ 57 ಲಕ್ಷ ಡಾಲರ್ ಕೊಟ್ಟರು. ಆದರೆ ಕೇಳಿದ್ದು ಸೀರಿಯಲ್ ಸೃಷ್ಟಿಸಿದ ರಾಬ್ ಥಾಮಸ್, ಹಕ್ಕು ಇದ್ದ ವಾರ್ನರ್ ಬ್ರದರ್ಸ್ ಒಪ್ಪಿದ ಮೇಲೆ. ಅದೇ ವರ್ಷ ಪವನ್ ಕುಮಾರ್ ಜನರ ದುಡ್ಡಿನಲ್ಲೇ 'ಲೂಸಿಯಾ' ತೆರೆಗೆ ತಂದರು. ಅಲ್ಲೂ ಕೇಳಿದವರು ಮಾಡುವವರೇ. ಹಕ್ಕಿಲ್ಲದ ಅಭಿಮಾನಿ ತನ್ನ ಯುಪಿಐ ನಂಬರ್ ಹಾಕಿ 'ಮುಂದಿನ ಸೀಸನ್‌ಗೆ ಕೊಡಿ' ಅಂದರೆ ಅದು ಗುಂಪು ಒಡೆಯುವ ದಾರಿ. ಬ್ಯಾನರ್‌ಗೋ ನೋಟ್‌ಬುಕ್‌ಗೋ ಎತ್ತಿದರೆ ಪ್ರತಿ ರೂಪಾಯಿಯ ಬಿಲ್ ಗುಂಪಿಗೆ ಹಾಕಿ. ಉಳಿದರೆ ವಾಪಸ್ ಕೊಡಿ.

ಹಂತ 10: ಹೂಂ ಅಂದರೆ?

ಮೊದಲು ನಿಲ್ಲಿಸಿ. ಎಲ್ಲ ಗುಂಪಿಗೂ ಹೇಳಿ, ದಾರಿಯಲ್ಲಿರುವ ಪಾರ್ಸೆಲ್ ತಡೆಯಿರಿ. ಜೆರಿಕೋ ಅಭಿಮಾನಿಗಳಿಗೆ ಬರೆದ ಪತ್ರದ ಕೊನೆಯಲ್ಲಿ ನೀನಾ ಟ್ಯಾಸ್ಲರ್ ಒಂದು ಸಾಲು ಸೇರಿಸಿದ್ದರು: ದಯವಿಟ್ಟು ಇನ್ನು ಕಡಲೆಕಾಯಿ ಕಳಿಸಬೇಡಿ.

ಅದೇ ಪತ್ರದಲ್ಲಿ ಇನ್ನೊಂದು ಮಾತೂ ಇತ್ತು. ನೋಡುವವರು ಜಾಸ್ತಿಯಾಗಬೇಕು, ಹೊಸಬರನ್ನು ಕರೆತನ್ನಿ ಅಂತ. ನಿಜವಾದ ಕೆಲಸ ಅಲ್ಲಿಂದ ಶುರು. ಎರಡನೇ ಸೀಸನ್ 2008ರ ಫೆಬ್ರವರಿಯಲ್ಲಿ ಬಂತು, ಜನ ಸಾಲಲಿಲ್ಲ, ಮಾರ್ಚ್‌ನಲ್ಲಿ ಮತ್ತೆ ನಿಂತಿತು. ಆದರೆ ಈ ಸಲ ತಂಡದವರು ಹುಷಾರಾಗಿದ್ದರು. ಕೊನೆಯ ಎಪಿಸೋಡಿಗೆ ಎರಡು ಮುಕ್ತಾಯ ಶೂಟ್ ಮಾಡಿಟ್ಟುಕೊಂಡಿದ್ದರು. ಒಂದು ಮುಂದುವರಿದರೆ, ಒಂದು ನಿಂತರೆ. ನಿಂತಿತು, ಎರಡನೆಯದನ್ನು ಹಾಕಿದರು. ನಿಮ್ಮ ಚಾನೆಲ್ ಹೂಂ ಅಂದರೆ ಈ ಎರಡು ಮುಕ್ತಾಯದ ಉಪಾಯವನ್ನು ಆ ಕ್ಷಣದಲ್ಲೇ ನಿರ್ದೇಶಕರ ಕಿವಿಗೆ ಹಾಕಿ.

ಸ್ಟಾರ್ ಟ್ರೆಕ್‌ನ ಮೂರನೇ ಸೀಸನ್‌ಗೆ ಸಿಕ್ಕಿದ್ದು ಶುಕ್ರವಾರ ರಾತ್ರಿ ಹತ್ತರ ಸ್ಲಾಟ್. ಅದನ್ನು ನೋಡಬೇಕಾದ ಹುಡುಗರೆಲ್ಲ ಆ ಹೊತ್ತಿಗೆ ಮನೆಯಿಂದ ಹೊರಗೆ. 1969ರಲ್ಲಿ ಅದೂ ಮುಗಿಯಿತು. ಆದರೆ ಆ ಹೊತ್ತಿಗೆ 79 ಎಪಿಸೋಡ್ ಆಗಿದ್ದವು. ಊರೂರಿನ ಸ್ಥಳೀಯ ಚಾನೆಲ್‌ಗಳು ದಿನಾ ಮರುಪ್ರಸಾರ ಹಾಕಲು ಅಷ್ಟು ಸಾಕಾಯಿತು. ಸ್ಟಾರ್ ಟ್ರೆಕ್ ದೊಡ್ಡದಾಗಿದ್ದು ಆ ಮರುಪ್ರಸಾರಗಳಲ್ಲಿ. ಹಾಗಾಗಿ ಹತ್ತು ಎಪಿಸೋಡ್ ಕೊಡುತ್ತೇವೆ, ಆದರೆ ಮಧ್ಯಾಹ್ನದ ಸ್ಲಾಟ್ ಅಂದರೆ ಮುನಿಸಿಕೊಳ್ಳಬೇಡಿ. ತೆಗೆದುಕೊಳ್ಳಿ.

ಇಲ್ಲ ಅಂದರೆ? ಕಥೆ ಬರೆದವರನ್ನು ಒಂದು ಸಂದರ್ಶನದಲ್ಲಿ ಕೂರಿಸಿ, ಮುಂದೆ ಏನಾಗಬೇಕಿತ್ತು ಅಂತ ಕೇಳಿ. ಬಹಳಷ್ಟು ಬರಹಗಾರರು ಸಂತೋಷವಾಗಿ ಹೇಳುತ್ತಾರೆ. ನಮಗೆ ಕೊನೆಗೆ ಸಿಕ್ಕಿದ್ದು ಅದೇ. ಆರು ತಿಂಗಳಾದ ಮೇಲೆ ಗುಂಪಿನ ಒಬ್ಬರಿಗೆ ಆ ಧಾರಾವಾಹಿಯ ಸಂಭಾಷಣೆಕಾರರು ಒಂದು ಮದುವೆ ಮನೆಯಲ್ಲಿ ಸಿಕ್ಕರು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತು ಕೇಳಿದರು. ನಾನು ಶಿವಮೊಗ್ಗಕ್ಕೆ ಫೋನ್ ಮಾಡಿ ಹೇಳಿದೆ: 'ಅತ್ತೆ, ಗಂಡ ಬದುಕಿದನಂತೆ.' ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಸರಿ, ಆಮೇಲೆ ಫೋನ್ ಮಾಡು' ಅಂದರು. ಗಂಟೆ ಏಳೂವರೆ ಆಗಿತ್ತು, ಹಿಂದೆ ಹೊಸ ಸೀರಿಯಲ್‌ನ ಟೈಟಲ್ ಸಾಂಗ್ ಕೇಳಿಸುತ್ತಿತ್ತು.